ದಿಲ್ಲಿಯ ಕಲ್ಲು ನೋಡೂದೋ ಬಿಡೂದೋ

ಬ್ಯಾಸಗಿ ಸೂಟಿಗೆ ದಿಲ್ಲಿ ನೋಡಿಕೊಂಡು ಬರೋಣ ಅಂತ ಮೊದಲು ಬಾಯಿ ತೆಗೆದಾಂವ ಸುರಪುರದಾಂವ. ಅಂವ ನನ್ನ ಸೊಸಿಯ ಗಂಡ, ನನ್ನ ಮಗ ಅಲ್ಲ. ನನ್ನ ಮಗ ಮಿಲಿಟ್ರಿಯಾಗ ಇದ್ದ, ಗಡಿಯಾಗ ತೀರಿಕೊಂಡ. ಆಗ ಮೊಮ್ಮಗಳು ಹಾಲು ಕುಡಿಯೂ ಕೂಸು, ಸೊಸಿ ಹರೇದಾಕಿ. ಇಬ್ಬರು ಹೆಂಗಸರು ಒಬ್ಬರ ಮಾರಿ ಒಬ್ಬರು ನೋಡಿಕೊಂಡು ಎಷ್ಟು ದಿನ ಕೂಡೂದು ಅಂತ ನಾನೇ ಮುಂದ ನಿಂತು ಆಕಿಗೆ ಉಡಿಕಿ ಮಾಡಿಸಿದೆ. ಉಡಿಕಿ ಅಂದ್ರ ಗಂಡ ಸತ್ತಾಕಿಗೆ ಇನ್ನೊಬ್ಬಾಂವ ಸೀರಿ ಉಡಿಸಿ ಹೆಂಡತಿ ಮಾಡಿಕೊಳ್ಳೂದು. ಬಾಜಾ ಇಲ್ಲ, ಹಂದರ ಇಲ್ಲ. ಹಿರೇರು ನಾಕು ಮಂದಿ ಕುಂತು ಮುಗಿಸೂ ಕೆಲಸ.

ಅತ್ತಿ ಸೊಸಿಗೆ ಗಂಡನ್ನ ಹುಡುಕಿದಳು ಅಂತ ಓಣ್ಯಾಗ ನಕ್ಕರು. ನಗಲಿ. ಅವನಿಗೂ ಮೊದಲೊಂದು ಮದಿವಿ ಆಗಿ ಮುರಿದಿತ್ತು. ನಾವು ಇರೂ ಶಹಾಪುರದಾಗ ಬಸ್‌ಸ್ಟ್ಯಾಂಡ್ ಹಿಂದ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿದ್ದ. ಸುಟ್ಟ ಮೋಟರು ಬಿಚ್ಚಿ ಹೊಸ ತಂತಿ ಸುತ್ತಿ ಕೊಡ್ತಾನ. ಆಕಿನ್ನ ತನ್ನ ಮನಿಗೆ ಒಯ್ಯೂದರ ಬದಲಿ ತಾನೇ ನಮ್ಮ ಮನಿಗೆ ಬಂದ. ಮುದುಕಿನ್ನ ಒಬ್ಬಾಕಿನ್ನ ಎಲ್ಲಿ ಬಿಡೂದು ಅಂದನಂತ. ನನ್ನ ಮುಂದ ಅಂದಿಲ್ಲ, ನನ್ನ ಮುಂದ ಅಂದಿದ್ರ ಬೈಸಿಕೊಳ್ತಿದ್ದ.

ಅಂವ ನನಗ ಏನಾಗಬೇಕು ಅಂತ ಯಾರಾರ ಕೇಳಿದ್ರ ನನ್ನ ಹತ್ರ ಜವಾಬ್ ಇರಲಿಲ್ಲ. ಅಳಿಯ ಅನ್ನಾಕ ಆಕಿ ನನ್ನ ಮಗಳಲ್ಲ. ಮಗ ಅನ್ನಾಕ ನಾ ಹಡದಿಲ್ಲ. ಹೆಂಡತಿ ಅತ್ತಿ ಅನ್ನೂದಕ್ಕ ಅವನೂ ಅತ್ತಿ ಅಂದ. ರೇಶನ್ ಅಂಗಡ್ಯಾಗ ಕೇಳಿದ್ರ ನಾ "ನಮ್ಮನಿಯಾಂವ" ಅಂತಿದ್ದೆ. ಮೊಮ್ಮಗಳು ಕಾಕಾ ಅಂತಾಳ. ಹಿಂಗ ನಡದಿತ್ತು, ಚಲೋನೇ ನಡದಿತ್ತು.

ನಡಿಯಾಕ ಎರಡು ಕಟ್ಟಳಿ ಇದ್ದವು. ಒಂದು, ನನ್ನ ಮಗನ ಹೆಸರು ಮನ್ಯಾಗ ಯಾರೂ ಬಾಯಿಲೆ ಅನ್ನೂದಿಲ್ಲ. ಗಂಡನ ಹೆಸರು ಸೊಸಿ ಅಂವ ಇದ್ದಾಗೂ ಅಂದಾಕಿ ಅಲ್ಲ, ಈಗಂತೂ ಅನ್ನಂಗೇ ಇಲ್ಲ. ನಾನು ಅಂದ್ರ ಸುರಪುರದಾಂವ ಏನು ತಿಳಕೊಂಡಾನು ಅಂತ ನಾನೂ ಬಿಟ್ಟೆ. ಇನ್ನೊಂದು ನಮ್ಮ ಮಂದಿ ಹಳೀದಿಂದ ಹೇಳೂದು. ಉಡಿಕಿ ಆದಾಕಿ ಮೊದಲನೇ ಗಂಡನ ಕುಣಿ ತುಳಿಬಾರ್ದು. ತುಳದ್ರ ಎರಡನೇದಾಂವನ ಜೀವಕ್ಕ ಕೇಡು. ನಾವು ಸುಡೂ ಮಂದಿ ಅಲ್ಲ, ಹೂಳೂ ಮಂದಿ. ನನ್ನ ಮಗನ ಕುಣಿ ನಮ್ಮ ಹಿರೇರ ಹಳ್ಳಿ ಕೊಂಕಲ್‌ದಾಗ ನಮ್ಮ ಹೊಲದ ಬದುವಿಗೆ ಅದ. ಉಡಿಕಿ ಆದ ದಿನದಿಂದ ಸೊಸಿ ಆ ಹೊಲಕ್ಕ ಕಾಲಿಟ್ಟಿಲ್ಲ. ಕಳೇವು ಇರಲಿ, ರಾಶಿ ಇರಲಿ, ನಾನೇ ಹೋಗ್ತೀನಿ.

ಮೊಮ್ಮಗಳು ಹತ್ತನೇತ್ತ ಪಾಸಾದಳು, ಅದಕ್ಕ ದಿಲ್ಲಿ. ಯಾದಗಿರಿಯಿಂದ ರೈಲಿಗೆ ಟಿಕೇಟು ಆತು. ತಾಜಮಹಲ್ ನೋಡೂದು, ಕೆಂಪು ಕೋಟಿ ನೋಡೂದು ಅಂತ ಕುಂತರ ನಿಂತರ ಅದೇ ಮಾತು. ಒಂದು ಸಂಜಿ ಊಟಕ್ಕ ಕುಂತಾಗ ಹುಡುಗಿ ನನ್ನ ಮುಂದ ಫೋನ್ ಹಿಡಿದಳು.

"ಆಯಿ, ದಿಲ್ಲ್ಯಾಗ ಇದೊಂದು ಅದ ನೋಡು. ಯುದ್ಧದಾಗ, ಗಡಿಯಾಗ ಸತ್ತವರ ಹೆಸರು ಎಲ್ಲಾ ಕಲ್ಲಿನ ಮ್ಯಾಲೆ ಕೆತ್ಯಾರ. ಅಪ್ಪಂದೂ ಅದ. ನಾ ಹುಡುಕಿ ನೋಡೀನಿ."

ಫೋನಿನ್ಯಾಗ ಒಂದು ಎತ್ತರದ ಕಂಬ. ಕಂಬದ ಬುಡಕ್ಕ ಬೆಂಕಿ ಉರಿಯಾಕತ್ತಿತ್ತು. ಅಷ್ಟೇ ನನಗ ಕಂಡದ್ದು.

ಸೊಸಿ ರೊಟ್ಟಿ ಬಡಿಯಾಕತ್ತಿದ್ದಳು. ಕೈ ನಿಂತಿತು. "ನೀವು ಹೋಗಿ ಬರ್ರಿ, ನಾ ಬರೂದಿಲ್ಲ" ಅಂದಳು.

"ಎಲ್ಲಿಗೆ? ದಿಲ್ಲಿಗೋ, ಅಲ್ಲಿಗೋ?" ಹುಡುಗಿ ಕೇಳಿದಳು.

"ಅಲ್ಲಿಗೆ."

"ನೀ ಬರದಿದ್ರ ನಾ ದಿಲ್ಲಿಗೇ ಬರೂದಿಲ್ಲ."

"ನೀ ಆಯಿ ಜೋಡಿ ಹೋಗಿ ನೋಡು. ಯಾರು ಬ್ಯಾಡಂದ್ರು?"

"ನಾ ಒಬ್ಬಾಕಿನೇ ಯಾಕ ನೋಡ್ಲಿ? ನನಗೊಬ್ಬಾಕಿಗೇ ಸತ್ತಾನೇನು ಅಂವ?"

ಇಂಥಾ ಮಾತಿಗೆ ಕಪಾಳಕ್ಕ ಹೊಡೀಬೇಕು. ನಾ ಹೊಡೀಲಿಲ್ಲ, ಮಾತು ಖರೇ ಇತ್ತು. ಸುರಪುರದಾಂವ ಇನ್ನೊಂದು ರೊಟ್ಟಿ ಕೇಳಿದ. ಹಾಕಿದ್ರ ಪಲ್ಯ ಮುಟ್ಟದ ಬರೇ ರೊಟ್ಟಿ ಮುರಕೊಂಡು ತಿಂದ.

ನಾನಂತೂ ಆ ಕಲ್ಲು ನೋಡೂ ಆಸಿ ಇಟ್ಟುಕೊಂಡಾಕಿ ಅಲ್ಲ. ನಮ್ಮ ಶಹಾಪುರದ ಗುಡ್ಡ ನೋಡಿ ಹೊರಗಿನವರು ಬುದ್ಧ ಮಲಗ್ಯಾನ ಅಂತಾರ, ಮೋಟರ್ ನಿಲ್ಲಿಸಿ ಫೋಟೋ ಹೊಡಕೊಂಡು ಹೋಗ್ತಾರ. ನಾ ಮದಿವ್ಯಾಗಿ ಬಂದಾಗಿಂದ ಅದರ ಕೆಳಗೇ ಇದ್ದೀನಿ. ನನಗ ಅದು ಗುಡ್ಡ. ಆದ್ರ ಹುಡುಗಿ ಮರುದಿನ ಮಾತು ಬಿಟ್ಟಳು. ತಾಟು ತಗೊಂಡು ಹೊರಗ ಕಟ್ಟಿಗೆ ಹೋಗಿ ಉಣ್ಣಾಕತ್ತಿದಳು. ಸೊಸಿ ಒಳಗ, ಹುಡುಗಿ ಹೊರಗ, ಅಂವ ಅಂಗಡ್ಯಾಗ. ನನಗ ಕುಂತಲ್ಲಿ ಕೂಡಾಕ ಆಗವಲ್ದು. ಖಡಕ್ ರೊಟ್ಟಿ ಮಾಡಿ ಮಾರಾಕಿ ನಾನು. ಆ ವಾರ ಒಲಿ ಮುಂದ ಕುಂತು ಮನಸ್ಸೆಲ್ಲೋ ಇಟ್ಟು ಎಷ್ಟೋ ರೊಟ್ಟಿ ಕರಕ್ ಮಾಡಿದೆ. ಗಿರಾಕಿ ಹೆಣ್ಣಮಗಳೊಬ್ಬಾಕಿ "ಯಮ್ಮಾ, ಒಲಿ ಸಿಟ್ಟಿಗೆದ್ದದೋ ನೀ ಸಿಟ್ಟಿಗೆದ್ದೀಯೋ?" ಅಂದಳು.

ಸುದ್ದಿ ಹೆಂಗಾರ ಸುರಪುರಕ್ಕ ಮುಟ್ಟತದ, ಇನ್ನೊಬ್ಬರ ಬಾಯಿಲೆ ಮುಟ್ಟೂದಕ್ಕಿಂತ ನನ್ನ ಬಾಯಿಲೆ ಮುಟ್ಟಲಿ ಅಂತ ಬಸ್ ಹತ್ತಿದೆ. ಅಲ್ಲಿ ಇರಾಕಿ ಅವನ ಅವ್ವ, ನನಗ ಬೀಗತಿ. ನನ್ನಕಿಂತ ದೊಡ್ಡಾಕಿ. ನಾಲಿಗಿಯೂ ನನ್ನಕಿಂತ ದೊಡ್ಡದು. ಬಾಗಲದಾಗ ಕುಂತು ಎಲಿಗೆ ಸುಣ್ಣ ಹಚ್ಚಾಕತ್ತಿದ್ದಳು.

"ಬಾರವ್ವ. ರೊಟ್ಟಿ ತಂದೀಯೋ, ಸುದ್ದಿ ತಂದೀಯೋ?"

"ಎರಡೂ ತಂದೀನಿ ಯಕ್ಕಾ."

"ಸುದ್ದಿ ಮೊದಲು ತೆಗಿ. ರೊಟ್ಟಿ ಕೆಡೂದಿಲ್ಲ."

ಹೇಳಿದೆ. ಕಂಬದ್ದೂ ಹೇಳಿದೆ, ಬೆಂಕೀದೂ ಹೇಳಿದೆ. ಆಕಿ ಎಲಿ ಬಾಯಿಗೆ ಇಡೂದು ಬಿಟ್ಟು ಕೇಳಿದಳು.

"ಬೆಂಕಿ ಉರೀತದಂತ?"

"ಹಗಲು ರಾತ್ರಿ ಆರಿಸೂದಿಲ್ಲಂತ."

"ಅಂದ್ರ ಸುಡಗಾಡು ಅದು."

"ಸುಡಗಾಡಲ್ಲ. ದೀಪ ಇದ್ದಂಗ ಅಂತ ಹುಡುಗಿ ಹೇಳ್ತಾಳ."

"ದೀಪ ಗೋರಿ ಮ್ಯಾಲೂ ಹಚ್ತಾರ."

"ಯಕ್ಕಾ, ಒಬ್ಬ ಮನಷ್ಯಾಗ ಎರಡು ಕುಣಿ ಇರ್ತಾವೇನು? ಅವನ ಕುಣಿ ಕೊಂಕಲ್‌ದಾಗ ಅದ. ನಾನೇ ಮಣ್ಣು ಹಾಕೀನಿ."

"ಪೆಟ್ಟಿಗಿ ತೆಗದು ನೋಡಿದ್ದೇನು?"

 ನನ್ನ ಮಗ ಬಂದದ್ದು ಪೆಟ್ಟಿಗ್ಯಾಗ. ಮ್ಯಾಲೆ ಬಾವುಟ ಹೊಚ್ಚಿದ್ರು. ಜೋಡಿ ಬಂದ ಮಿಲಿಟ್ರಿಯವರು "ತೆಗಿಬ್ಯಾಡ್ರಿ ಅವ್ವಾ" ಅಂತ ನಮ್ಮ ಊರ ಮಾಸ್ತರನ ಕಡಿಂದ ಹೇಳಿಸಿದ್ರು. ಮೈದುನರೂ ಬ್ಯಾಡ ಅಂದ್ರು. ಹಂಗೇ ಕುಣ್ಯಾಗ ಇಳಿಸಿದ್ರು. ಮಾರಿ ನೋಡಿಲ್ಲ. ಇದು ಎಲ್ಲಾರಿಗೂ ಗೊತ್ತು, ಆದ್ರ ನನ್ನ ಮಾರಿಗೆ ಹಿಂಗ ಯಾರೂ ಅಂದಿರಲಿಲ್ಲ.

ಆಕಿಗೂ ಅಂದದ್ದು ಹೆಚ್ಚಾತು ಅನಿಸಿರಬೇಕು. ಎಲಿ ಮಡಚಿ ನನ್ನ ಕೈಯಾಗ ಇಟ್ಟಳು. "ತಪ್ಪು ತಿಳಕೋಬ್ಯಾಡ ತಂಗಿ. ನಿನಗ ಇದ್ದಾಂವ ಒಬ್ಬ, ಹೋದ. ನನಗೂ ಇರಾಂವ ಒಬ್ಬನೇ. ಮುದುಕಿ ನೀ ನೋಡು, ಹುಡುಗಿ ನೋಡ್ಲಿ. ಆಕಿ ಮಾತ್ರ ಅಲ್ಲಿ ಕಾಲಿಡೂದು ಬ್ಯಾಡ. ನನಗ ಮಾತು ಕೊಡು."

"ಮಾತು ಕೊಡಾಕ ಅವು ನನ್ನ ಕಾಲಲ್ಲ" ಅಂತ ಎದ್ದೆ.

"ಕುಂದುರು, ಚಹಾ ಇಡ್ತೀನಿ."

"ಬಸ್ ಅದ."

ಬಸ್ ಇರಲಿಲ್ಲ. ಸ್ಟ್ಯಾಂಡಿನ್ಯಾಗ ಬಿಸಲಾಗ ನಿಂತೆ, ಅತ್ತಿಂದಿತ್ತ ಅಡ್ಡಾಡಿದೆ. ಪೆಟ್ಟಿಗಿ ಮಾತು ಕಿವ್ಯಾಗ ಕುಂತುಬಿಟ್ಟಿತ್ತು. ಒಬ್ಬ ಮನಷ್ಯಾಗ ಒಂದೇ ಕುಣಿ ಅಂತ ಗಟ್ಟಿ ಹೇಳಿ ಬಂದಿದ್ದೆ. ಆ ಒಂದು ಯಾವುದು ಅಂತ ನನಗೇ ಗಟ್ಟಿ ಇಲ್ಲ ಅಂದ್ರ ಮಾತು ಯಾಕ ಆಡಬೇಕು?

ಮರುದಿನ ಕೊಂಕಲ್‌ಗೆ ಹೋದೆ. ಹೊಲದಾಗ ಕೆಲಸ ಏನೂ ಇರಲಿಲ್ಲ, ಬ್ಯಾಸಗ್ಯಾಗ ಏನಿರ್ತದ? ಸೊಸಿಗೆ ಕುಳ್ಳು ತರ್ತೀನಿ ಅಂತ ಸುಳ್ಳು ಹೇಳಿದೆ. ಅಗಸಿ ಬಾಗಲದಾಗ ಒಂದು ಹಳೀ ಕಲ್ಲು ನಿಂತದ. ಕುದುರಿ ಮ್ಯಾಲೆ ಕುಂತ ಮನಷ್ಯಾ, ಕೈಯಾಗ ಕತ್ತಿ, ಮೂಗು ಸವದು ಹೋಗ್ಯಾದ. ಯಾವುದೋ ಕಾಲದಾಗ ಊರಿನ ದನ ಬಿಡಸಾಕ ಹೋಗಿ ಸತ್ತಾಂವ ಅಂತಾರ. ಹೆಸರು ಯಾರಿಗೂ ಗೊತ್ತಿಲ್ಲ. ಎಲ್ಲಾರೂ ಬುಟ್ಟಿ ಇಳಸೂದು ಅದರ ಕಟ್ಟಿ ಮ್ಯಾಲೆ. ನಾನೂ ಚೀಲ ಇಳಿಸಿ, ದಣಿವು ಆರಿಸಿಕೊಂಡು, ಕುಡಿದು ಉಳಿದ ನೀರು ಅದಕ್ಕ ಹಾಕಿ ಮುಂದ ಹೋದೆ. ಊರಿಗೆ ಬರೂ ಹೊಸ ಮದಿವಿಯವರೂ ಅದಕ್ಕ ನೀರು ಹಾಕಿ ಕೈ ಮುಗಿತಾರ. ನನ್ನ ಸೊಸಿ ಮೊದಲನೇದಾಂವನ ಜೋಡಿ ಹಾಕಿದ್ದಳು. ಉಡಿಕಿ ಆದ ದಿನ ಎರಡನೇದಾಂವನ ಜೋಡಿಯೂ ಹಾಕಿದಳು. ಈ ಸಲ ಚೀಲ ಇಳಿಸಿ ಕುಂತಾಗ ನಾ ಅದರ ಬಗ್ಗೆ ಏನೂ ವಿಚಾರ ಮಾಡಲಿಲ್ಲ. ಕಾಲು ನೋವಾಕತ್ತಿದ್ದವು, ಅಷ್ಟೇ.

ಕುಣಿ ಹತ್ರ ಹೋಗಿ ನಿಂತೆ. ಜಾಲಿ ಕಂಟಿ ಬೆಳದಿತ್ತು, ಕಿತ್ತು ಒಗದೆ. ಬದುವಿನ ಮಣ್ಣು ಬಿರುಕು ಬಿಟ್ಟಿತ್ತು. ಬಿರುಕಿನ್ಯಾಗ ಬಗ್ಗಿ ನೋಡಿದೆ. ಏನು ಕಾಣತದ, ಕತ್ತಲಿ ಕಾಣತದ. ಹೊರಳಿ ಬಂದೆ. ಕುಳ್ಳು ತರೂದು ಮರತಿದ್ದೆ.

ಮನಿಗೆ ಬಂದು ಕೂಡಲಿಲ್ಲ. ಸುರಪುರದಾಂವನ ಬುತ್ತಿ ತಗೊಂಡು ಅಂಗಡಿಗೇ ಹೋದೆ. ಅಂವ ಬಗ್ಗಿ ತಾಮ್ರದ ತಂತಿ ಸುತ್ತಾಕತ್ತಿದ್ದ.

"ಇಲ್ಲಿ ನೋಡು. ಎಲ್ಲಾರನ್ನೂ ಕೇಳಿದೆ, ನಿನ್ನ ಕೇಳಿಲ್ಲ. ನೀ ಏನಂತಿ?"

"ನೀವು ಹೆಂಗ ಹೇಳಿದ್ರ ಹಂಗ ಅತ್ತಿ."

"ನನ್ನ ಮಾತು ನನಗ ಗೊತ್ತದ. ನಿಂದು ಹೇಳು."

ಕೈಯಾಗಿನ ಸುತ್ತು ಮೊದಲು ಮುಗಿಸಿದ. ಸುತ್ತು ತಪ್ಪಿದ್ರ ಮೊದಲಿಂದ ಸುತ್ತಬೇಕಂತ. ತುದಿ ಕಟ್ಟಿ, ಕೈ ಒರಸಿಕೊಂಡು ಹೇಳಿದ: "ತೀರಿಹೋದವರ ತಾಟಿನ್ಯಾಗ ಉಣ್ಣಾಕತ್ತೇನಿ. ಒಮ್ಮೆ ಹೋಗಿ ಮಾರಿ ತೋರಸಿ ಬರಬೇಕನಸ್ತದ."

"ನಿಮ್ಮವ್ವ ಅಂಜತಾಳ."

"ನನಗೂ ಅಂಜಿಕಿ ಅದ ಅತ್ತಿ. ಇಲ್ಲಂತ ಅಲ್ಲ."

"ಹಂಗಾದ್ರ ಮಾತಾಡಿ ಸಾಯಬೇಕಿಲ್ಲೇನು ಇಷ್ಟು ದಿನ?"

"ನೀವು ಕೇಳಲಿಲ್ಲ."

ಅದೂ ಖರೇ. ಬುತ್ತಿ ಇಟ್ಟು ಬಂದೆ. ಅವತ್ತು ಸಂಜಿಗೆ ಹುಡುಗಿಗೆ ಹೇಳಿದೆ: ನೀ, ನಾ, ನಿಮ್ಮ ಕಾಕಾ ಹೋಗೋಣ. ನಿಮ್ಮವ್ವ ಬಂದ್ರ ಬಂದಳು, ಬಿಟ್ರ ಬಿಟ್ಟಳು. ಹುಡುಗಿ ತಾಟು ಒಳಗ ತಂದಳು. ಆದ್ರ ಅವ್ವನ ಕಡೆ ನೋಡಲಿಲ್ಲ.

ರೈಲಿನ್ಯಾಗ ಸೆಖಿ, ಧೂಳು, ಮಂದಿ. ನಮ್ಮ ಯಾದಗಿರಿ ಬಿಸಲು ಕಂಡಾಕಿಗೆ ಬಿಸಲೇನು ಹೊಸದಲ್ಲ. ಮಲಗಿದ್ರ ಹಲಗಿ ಸಣ್ಣದು, ಕುಂತರ ಕಾಲು ಬಾತುಕೊಳ್ತಿದ್ದವು. ಎದ್ದು ಬಾಗಲ ತನಕ ಹೋಗೂದು, ಬರೂದು. "ಆಯಿ, ಹಿಂಗ ಅಡ್ಡಾಡಿದ್ರ ನೀ ರೈಲಿಗಿಂತ ಮೊದಲೇ ದಿಲ್ಲಿ ಮುಟ್ಟತಿ" ಅಂತ ಹುಡುಗಿ ನಗಿ ಮಾಡಿದಳು.

ನಾ ಬಾಗಲ ಹತ್ರ ಹೋದಾಗ ಸೊಸಿ ಕೈ ತೊಳಕೊಳ್ಳೂ ನೆಪ ಮಾಡಿಕೊಂಡು ಹಿಂದ ಬಂದಳು.

"ಅತ್ತಿ."

"ಏನು?"

"ನನಗ ನೋಡಬೇಕಂತ ಅದ. ಹುಡುಗಿ ಮುಂದ ಬ್ಯಾಡಂದೆ, ಆದ್ರ ಅದ." ಹೊರಗ ನೋಡಿಕೋತ ಹೇಳಿದಳು. "ನೋಡಿದ್ರ ಇವರಿಗೇನಾರ ಆದ್ರ? ಇನ್ನೊಂದು ಸಲ ನನ್ನ ಕೈಲೆ ಆಗೂದಿಲ್ಲ ಅತ್ತಿ."

 ಅವನಿಗೇನೂ ಆಗೂದಿಲ್ಲ ಅಂತ ಹೇಳಾಕ ನಾ ದೇವರಲ್ಲ. ಚಹಾದಾಂವ ಬಂದ. "ಚಹಾ ಕುಡಿ" ಅಂದೆ. ಕುಡಿದಳು.

ಆಗ್ರಾ ಮೊದಲು ಆತು. ತಾಜಮಹಲ್ ಚಂದ ಅದ, ಕಾಲು ಸುಟ್ಟವು. ಸತ್ತಾಕಿಗೆ ಕಟ್ಟಿಸ್ಯಾನ ಅಂತ ಹುಡುಗಿ ಹೇಳಿದಳು. ಒಳಗ ಇಬ್ಬರದೂ ಗೋರಿ ಅದಾವ, ಮಂದಿ ಸಾಲು ಹಚ್ಚಿ ನೋಡತಾರ, ಯಾರಿಗೂ ಏನೂ ಆಗೂದಿಲ್ಲ. ಇದನ್ನ ಸೊಸಿಗೆ ಹೇಳಬೇಕಂದೆ. ಆದ್ರ ಅದು ಆಕಿ ಗಂಡಂದಲ್ಲ, ಬಿಟ್ಟೆ.

ದಿಲ್ಲ್ಯಾಗ ಆ ಜಾಗಾಕ್ಕ ಹೋದದ್ದು ಮುಂಜಾನೆ ಜಲ್ದಿ, ಬಿಸಲು ಏರೂದರಾಗ. ಗೇಟಿನ್ಯಾಗ ಚೀಲ ತೆಗದು ನೋಡಿದ್ರು. ನನ್ನ ರೊಟ್ಟಿ ಗಂಟು ಬಿಚ್ಚಿ ಪೊಲೀಸ ಒಂದು ರೊಟ್ಟಿ ಎತ್ತಿ ಬೆರಳಿಲೆ ಬಡದ. ಟಣ್ ಅಂತು. ಇದೇನು ಅಂತ ಕೇಳಿದ. ಸುರಪುರದಾಂವಗ ಬಾಜೂ ಅಂಗಡಿಯವರ ಜೋಡಿ ದಿನಾ ಆಡಿ ದಖನಿ ಉರ್ದು ಚಲೋ ಬರ್ತದ. "ಜ್ವಾರಿಕಿ ರೋಟಿ ಸಾಬ್, ಖಾಕೆ ದೇಖೋ" ಅಂದ, ಜ್ವಾಳದ ರೊಟ್ಟಿ, ತಿಂದು ನೋಡು ಅಂತ. ಪೊಲೀಸ ನಕ್ಕ. ತಿನ್ನೂದು ಒಳಗ ಒಯ್ಯಂಗಿಲ್ಲಂತ ಗಂಟು ಅಲ್ಲೇ ಇಡಿಸಿದ. ನೀರಿನ ಬಾಟಲಿ ಬಿಟ್ಟ.

ಒಳಗ ದೊಡ್ಡ ಬಯಲು. ನಡುವ ಫೋನಿನ್ಯಾಗ ಕಂಡ ಕಂಬ, ಬುಡಕ್ಕ ಬೆಂಕಿ. ಸೊಸಿ ಬೆಂಕಿ ನೋಡಿದಳು, ಅಲ್ಲೇ ದಾರಿ ಬದಿ ಗಿಡದ ನೆರಳಿಗೆ ಕುಂತಳು. "ನೀವು ಹೋಗ್ರಿ." ಹುಡುಗಿ ಏನೋ ಅನ್ನಾಕ ಬಾಯಿ ತೆಗದಳು, ನಾ ಕೈ ಹಿಡದು ಎಳಕೊಂಡು ಹೋದೆ.

ಒಂದು ಕಡೆ ಟಿವಿಯಂಥಾ ಮಷೀನು. ಹೆಸರು ಹೊಡದ್ರ ಅದು ಯಾವ ಗ್ವಾಡಿ ಮ್ಯಾಲೆ ಅದ ಅಂತ ತೋರಸ್ತದ. ಹುಡುಗಿ ಹೊಡಿಯಾಕತ್ತಾಗ ಒಬ್ಬ ಸೈನಿಕ ಬಂದ, ಸಣ್ಣ ವಯಸ್ಸಿನಾಂವ. ಹಿಂದಿಯಾಗ ಕೇಳಿದ. ಹುಡುಗಿ "ನನ್ನ ಅಪ್ಪ" ಅಂದಳು. ನನ್ನ ಕಡೆ ನೋಡಿದ. ಹುಡುಗಿ "ಅವರ ಅವ್ವ" ಅಂದಳು. ಅಂವ ಬಗ್ಗಿ ನನ್ನ ಕಾಲು ಮುಟ್ಟಿದ. ಆಮ್ಯಾಲೆ, ನೀವು ಏನಾಗಬೇಕು ಅನ್ನೂಹಂಗ ಸುರಪುರದಾಂವನ ಕಡೆ ಹೊರಳಿದ.

 ಇಷ್ಟು ವರ್ಷ ನಾ ಜವಾಬ್ ಕೊಡದ ಮಾತು ಅದು. ಕಾಕಾ ಅನ್ನೂದಕ್ಕ ಹಿಂದಿಯಾಗ ಏನನ್ನಬೇಕು ಅಂತ ಹುಡುಗಿಗೂ ತಿಳೀಲಿಲ್ಲೋ ಏನೋ.

"ಮೈ ಉನ್ಕಾ ಛೋಟಾ ಭಾಯಿ" ಅಂದ ಅಂವ. ಅಷ್ಟು ತಿಳೀತು ನನಗ. ತಮ್ಮ ಅಂದ.

ಸೈನಿಕ ಅವನಿಗೂ ಕೈ ಕೊಟ್ಟ, ಮುಂದ ನಡದ. ನಾ ಹಿಂದಿಂದ ಹೋಗಿಕೋತ "ನನ್ನ ಕೇಳದ ಹುಟ್ಟಿಬಿಟ್ಟಿ" ಅಂದೆ. ಅಂವ ತಲಿ ಕೆಳಗ ಹಾಕಿ "ಬಾಯಿಗೆ ಬಂತ್ರಿ ಅತ್ತಿ" ಅಂದ.

"ಇನ್ನಾ ಅತ್ತಿ ಅಂತೀಯಲ್ಲ."

ಅಂವ ನಕ್ಕನೋ ಏನೋ, ಮಾರಿ ಕಾಣಲಿಲ್ಲ.

ಕಂಬದ ಸುತ್ತ ಒಂದರ ಹೊರಗೊಂದು ಗ್ವಾಡಿ ಸುತ್ತು ಇದ್ದವು. ಗ್ವಾಡಿ ತುಂಬ ಇಟ್ಟಂಗಿಯಂಥಾ ಕಲ್ಲು, ಒಂದೊಂದು ಕಲ್ಲಿಗೆ ಒಬ್ಬ ಮನಷ್ಯಾ. ಎಲ್ಲಾ ನನಗ ಬಾರದ ಅಕ್ಷರ. ನನಗ ಬರೂದು ಕನ್ನಡ, ಅದೂ ಸಾಕ್ಷರತಾ ಕ್ಲಾಸಿನ್ಯಾಗ ಮುದಿ ವಯಸ್ಸಿಗೆ ಕಲ್ತದ್ದು. ಹುಡುಗಿ ಮ್ಯಾಲೆ ಕೆಳಗ ಕಣ್ಣು ಆಡಿಸಿ ಒಂದು ಕಲ್ಲಿನ ಮುಂದ ನಿಂತಳು. "ಇದು" ಅಂದಳು. ನನ್ನ ಎದಿಮಟ್ಟಕ್ಕ ಇತ್ತು.

ನೋಡಿದೆ. ಪೆಟ್ಟಿಗ್ಯಾಗ ಏನಿತ್ತು ಅಂತ ನಾ ನೋಡಿಲ್ಲ. ಇಲ್ಲಿ ಹೆಸರು ಕಾಣತದ, ನನಗ ಓದಾಕ ಬರೂದಿಲ್ಲ. ಎರಡೂ ಕಡೆ ಮಂದಿ ಹೇಳಿದ್ದನ್ನ ಕೇಳಿ ನಂಬಬೇಕು. ಹಿಂಗ ಅಂದುಕೊಂಡು ನಿಂತಾಗ ಕಾಲಬುಡಕ್ಕ ಕಣ್ಣು ಹೋತು. ನಾ ನಿಂತದ್ದು ಬರೇ ನೆಲ. ನೆಲದಾಗ ಯಾರೂ ಇಲ್ಲ. ಇರೂದೆಲ್ಲಾ ಗ್ವಾಡ್ಯಾಗ, ನೆಟ್ಟಗ ನಿಂತದ. ಕೊಂಕಲ್ ಅಗಸಿ ಬಾಗಲದಾಂವ ನಿಂತಂಗ.

ಆಗ ಹೊಳೀತು ನನಗ. ಹೊಳದದ್ದು ಇಷ್ಟು ತಡಾ ಆತಲ್ಲ ಅಂತ ನನ್ನ ಮ್ಯಾಲೆ ನನಗೇ ಸಿಟ್ಟು ಬಂತು. ದಿಲ್ಲಿ ತನಕ ಎಲ್ಲಾರ ಜೀವ ತಿಂದೆ, ಚೀಲ ಇಳಿಸಿದ ಕಲ್ಲು ಮರತೆ.

ಒಬ್ಬಾಕಿನೇ ಹೊರಳಿ ಸೊಸಿ ಹತ್ರ ಹೋದೆ. ಆಕಿ ಮಣಕಾಲಿಗೆ ಗದ್ದ ಹಚ್ಚಿ ಕುಂತಿದ್ದಳು.

"ಏಳು."

"ಅತ್ತಿ, ನಾ..."

"ಅದು ಕುಣಿ ಅಲ್ಲ. ನಿಂತ ಕಲ್ಲು ಅದು. ಕುಣಿ ಮಲಗಿರ್ತದ. ಮಲಗಿದ್ದನ್ನ ತುಳಿಬಾರ್ದು ಅಂತಾರ, ನಿಂತದ್ದನ್ನ ಯಾರು ತುಳಿಯಾಕ ಆಗ್ತದ? ಗ್ವಾಡಿ ಹತ್ತತೀಯೇನು?"

"ಬೆಂಕಿ?"

"ಬೆಂಕಿ ಬಿಡು, ಅದು ಅಷ್ಟು ದೂರ ಅದ. ಉಡಿಕಿ ಆದ ದಿನ ಅಗಸಿ ಕಲ್ಲಿಗೆ ಅವನ ಜೋಡಿ ನೀರು ಹಾಕಿದಿಲ್ಲೋ? ಏನಾತು? ಅದೂ ಯಾರದೋ ಗಂಡಂದೇ ಕಲ್ಲು."

ಆಕಿ ನನ್ನ ಮಾರಿ ನೋಡಿದಳು. "ಖರೇನಾ ಅತ್ತಿ?"

"ಸುಳ್ಳು ಹೇಳಾಕ ದಿಲ್ಲಿ ತನಕ ಬರಬೇಕೇನು? ಶಹಾಪುರದಾಗೇ ಹೇಳತಿದ್ದೆ."

ಎದ್ದಳು. ಸೆರಗು ತಲಿ ಮ್ಯಾಲೆ ಎಳಕೊಂಡು ನನ್ನ ಹಿಂದ ಬಂದಳು. ಮೊದಲು ನೆಲ ನೋಡಿ ನೋಡಿ ಕಾಲಿಟ್ಟಳು, ಎಲ್ಲಿ ಏನು ಮಲಗ್ಯಾದೋ ಅಂತ. ಗ್ವಾಡಿ ಬಂದ ಮ್ಯಾಲೆ ತಲಿ ಎತ್ತಿದಳು. ಸುರಪುರದಾಂವ ಒಂದು ಹೆಜ್ಜಿ ಸರದು ಜಾಗಾ ಬಿಟ್ಟ. ಆಕಿ ಅವನ ಕೈಯಾಗಿನ ನೀರಿನ ಬಾಟಲಿ ತಗೊಂಡು ಕಲ್ಲಿನ ಬುಡಕ್ಕ ಸ್ವಲ್ಪ ನೀರು ಹಾಕಿದಳು. ಬಾಟಲಿ ಅವನಿಗೆ ಕೊಟ್ಟಳು. ಅವನೂ ಹಾಕಿದ. ಅಲ್ಲಿ ಹಂಗ ಮಾಡಬಾರ್ದಿತ್ತು ಅಂತ ಕಾಣತದ, ಸೈನಿಕ ಬಾಯಿ ತೆಗದಾಂವ ಮುಚ್ಚಿಕೊಂಡು ಆ ಕಡೆ ನೋಡಿದ.

"ಓದು" ಅಂದೆ ಹುಡುಗಿಗೆ.

ಓದಿದಳು. ಅಪ್ಪ ಅನ್ನಲಿಲ್ಲ, ಹೆಸರು ಓದಿದಳು, ಪೂರ್ತಿ ಹೆಸರು, ಊರ ಮುಂದ ಹಾಜರಿ ಕರದಂಗ ಗಟ್ಟಿಯಾಗಿ.

"ಇನ್ನೊಮ್ಮೆ ಓದು."

ಓದಿದಳು.

ಆಮ್ಯಾಲೆ ಬಿಸಲು ಏರಿತು, ಬಂದೆವು. ಗೇಟಿನ್ಯಾಗ ರೊಟ್ಟಿ ಗಂಟು ವಾಪಸ್ ಇಸಗೊಂಡೆ. ಒಂದು ರೊಟ್ಟಿ ಕಡಿಮಿ ಇತ್ತು. ಪೊಲೀಸ ಮಾರಿ ಆ ಕಡೆ ತಿರುಗಿಸಿದ.

ಇಲ್ಲಿಗೆ ಮುಗದಿದ್ರ ಚಲೋ ಇತ್ತು. ಊರಿಗೆ ಬಂದ ಮರುದಿನ ಸುರಪುರದಾಂವಗ ಜ್ವರ ಬಂತು. ಮೈ ಕೆಂಡ. ಬಿಸಲು ಬಡದದ, ನೀರು ಕುಡದಿಲ್ಲ ಅಂತ ಡಾಕ್ಟರು ಹೇಳಿ ಸಲೈನ್ ಹಚ್ಚಿದ್ರು. ಸೊಸಿ ಅವನ ತಲಿ ಹತ್ರ ಕುಂತಾಕಿ ಏಳಲಿಲ್ಲ. ನನ್ನ ಬೈದಿದ್ರ ಬೈಸಿಕೊಳ್ತಿದ್ದೆ, ಬೈಲಿಲ್ಲ. ಹುಡುಗಿ ಒದ್ದಿ ಬಟ್ಟಿ ಹಿಂಡಿ ಹಿಂಡಿ ಕೊಡಾಕತ್ತಿದ್ದಳು. ನಾ ಡಾಕ್ಟರ ಮಾತು ನಂಬೀನಿ. ನಂಬಿದ್ರೂ ನಿಂತ ಕಲ್ಲು ಅಂತ ಹೇಳಿದಾಕಿ ನಾನೇ. ಎಳಕೊಂಡು ಹೋದಾಕಿ ನಾನೇ.

ಜ್ವರ ಇಳದು ಅಂವ ಎದ್ದು ಗಂಜಿ ಕುಡಿದ ದಿನ ಸುರಪುರದ ಬೀಗತಿ ಬಂದಳು. ಬಂದಾಕಿ ನನ್ನ ನೋಡಲಿಲ್ಲ. ಮಗನ ಹಣಿ ಮುಟ್ಟಿದಳು, ಕುತಗಿ ಮುಟ್ಟಿದಳು, ಕಣ್ಣು ಅಗಲಿಸಿ ನೋಡಿದಳು. ಆಮ್ಯಾಲೆ ನನ್ನ ಕಡೆ ಹೊರಳಿದಳು.

"ಒಯ್ದಿಯಲ್ಲ ಕಡೀಕ."

"ಒಯ್ದೆ."

"ನಾ ಏನು ಹೇಳಿದ್ದೆ?"

"ಅವ್ವಾ, ನಾನೇ ಹೋಗೀನಿ" ಅಂದ ಅಂವ ಮಲಗಿದಲ್ಲಿಂದ. "ಅತ್ತಿಗೆ ಅನ್ನಬ್ಯಾಡ."

"ನೀ ಸುಮ್ಮ ಮಲಗು. ಯಾಕ ಹೋದಿ? ನೀ ಏನಾಗಬೇಕು ಅವನಿಗೆ?"

ಅವನಿಗಿಂತ ಮೊದಲು ನಾ ಹೇಳಿದೆ. "ಏನಾಗಬೇಕು ಅಂತ ಅಲ್ಲಿ ಮಿಲಿಟ್ರಿಯಾಂವ ಕೇಳಿದ. ನಿನ್ನ ಮಗ ತಮ್ಮ ಅಂದ."

ಬೀಗತಿ ಮಗನ ನೋಡಿದಳು. "ಖರೇ ಏನಲೇ?"

"ಹೂಂ."

"ತಮ್ಮ ಅಂದಿ?"

"ಹೂಂ ಅವ್ವ."

ಆಕಿ ಗ್ವಾಡಿಗೆ ಬೆನ್ನು ಹಚ್ಚಿ ಕುಂತಳು. ಸೊಂಟದಾಗಿನ ಎಲಿ ಚೀಲ ತೆಗದಳು, ಒಂದು ಎಲಿ ಒರಸಿದಳು, ಸುಣ್ಣ ಹಚ್ಚಿದಳು, ಬಾಯಿಗೆ ಇಡಲಿಲ್ಲ. ಇನ್ನೇನು ಬೈತಾಳೋ ಅಂತ ನಾ ತಯಾರಾಗಿ ನಿಂತೆ.

"ಅಣ್ಣಾದಾಂವ ತಮ್ಮಗ ಕಾಡೂದಿಲ್ಲ" ಅಂದಳು ತನಗ ತಾನೇ. ಎಲಿ ಮಡಚಿಕೋತ, "ಆದ್ರ ಹಂಗಂದ್ರ ಅಂವ ನನಗೂ ಮಗ ಆದನಲ್ಲ. ಹಿರೇರ ಅಮಾಸಿಗೆ ನಮ್ಮ ಮನ್ಯಾಗೂ ಒಂದು ಎಡಿ ಹೆಚ್ಚಿಗಿ ಇಡಬೇಕಾತು."

"ಇಡು. ಯಾರು ಬ್ಯಾಡಂದ್ರು?"

"ಏನು ಉಣತಿದ್ದ?"

"ಹೋಳಿಗಿ ಇಟ್ರ ಮುಟ್ಟೂದಿಲ್ಲ. ಸಿಹಿ ಸೇರತಿರಲಿಲ್ಲ. ಪುಂಡಿಪಲ್ಯ, ರೊಟ್ಟಿ, ಮ್ಯಾಲೆ ಹಸಿ ಮೆಣಸಿನಕಾಯಿ ಇಡು."

"ಅಡಗಿ ಸಸ್ತಾ ಆತು ಬಿಡು" ಅಂದಳು. ಎಲಿ ಬಾಯಿಗೆ ಇಟ್ಟುಕೊಂಡು ನನ್ನ ನೋಡಿದಳು. "ಎಡಿ ಇಡೂ ಮುಂದ ಹೆಸರು ತಗೊಂಡು ಕರೀಬೇಕು. ಇಷ್ಟು ವರ್ಷ ಆತು, ಅವನ ಹೆಸರು ಏನಂತ ನನಗ ಯಾರೂ ಹೇಳೇ ಇಲ್ಲ ನೋಡು."

ಸೊಸಿ ಅಡಗಿ ಮನ್ಯಾಗ ರೊಟ್ಟಿ ಬಡಿಯಾಕತ್ತಿದ್ದಳು. ಸುರಪುರದಾಂವ ಎಚ್ಚರ ಇದ್ದ. ನಾ ಅವನ ಕಡೆ ನೋಡಿದೆ, ಅಂವ ಮಾರಿ ತಿರುವಲಿಲ್ಲ.

ಹೇಳಿದೆ, ಗಟ್ಟಿಯಾಗೇ ಹೇಳಿದೆ. ಒಳಗ ರೊಟ್ಟಿ ಬಡಿಯೂ ಸಪ್ಪಳ ನಿಂತಿತು. ಆಮ್ಯಾಲೆ ಮತ್ತ ಶುರುವಾತು.